ಅಮ್ಮನಿಗೆ ಯಾವ ಹಾಡಿನ ಪೆಟ್ಟಿಗೆ?

ಹಾಡು ಕೇಳಲೆಂದು ಮಕ್ಕಳು ಅಕ್ಕರೆಯಿಂದ ತಂದುಕೊಟ್ಟ ಯಂತ್ರ ಎಷ್ಟೋ ಮನೆಗಳಲ್ಲಿ ವಾರದೊಳಗೆ ಬೀರು ಸೇರುತ್ತದೆ. ತಪ್ಪು ಹಿರಿಯರದಲ್ಲ, ಆರಿಸಿದವರದು. ವಯಸ್ಸಾದಂತೆ ಬೆರಳಿನ ಚರ್ಮ ಒಣಗುತ್ತದೆ, ಕೆಲವರಿಗೆ ಕೈ ನಡುಗುತ್ತದೆ. ಮುಟ್ಟಿ ನಡೆಸುವ ಪರದೆ ಅಂಥ ಬೆರಳಿನ ಮಾತು ಕೇಳುವುದಿಲ್ಲ. ತಿರುಗಿಸುವ ತಿರುಪು, ಒತ್ತಿದರೆ ‘ಟಕ್’ ಎನ್ನುವ ದಪ್ಪ ಗುಂಡಿಗಳೇ ಮೇಲು.

2017ರಲ್ಲಿ ಬಂದ ಸರೆಗಮ ಕಾರ್ವಾನ್ ನೋಡಲು ಹಳೆಯ ರೇಡಿಯೊದಂತೆಯೇ ಇದೆ. ಒಳಗೆ 5,000 ಹಿಂದಿ ಹಾಡುಗಳು. ಆದರೆ ನಿಮ್ಮ ತಾಯಿ ಕೇಳುವುದು ದಾಸರ ಪದಗಳನ್ನಾದರೆ? ಪೆನ್‌ಡ್ರೈವ್ ಹಾಕಲು ಬರುವಂಥದ್ದನ್ನು ಕೊಂಡು, ಅವರು ಮೆಚ್ಚುವ ನಲವತ್ತು ಹಾಡುಗಳನ್ನು ನೀವೇ ತುಂಬಿಸಿಕೊಡಿ. ಅಂಗಡಿಯಲ್ಲಿ ಅವರ ಕೈಗೇ ಕೊಟ್ಟು, ಬಾಯಿ ಹಾಕದೆ ನಿಂತು ನೋಡಿ. (ಮಕ್ಕಳಿಗೆ ಇದೇ ಕಷ್ಟ.)

ಇನ್ನು ಧ್ವನಿ. ವಯಸ್ಸಿನೊಂದಿಗೆ ಸಾಮಾನ್ಯವಾಗಿ ಮೊದಲು ಕುಗ್ಗುವುದು ತಾರಸ್ವರಗಳನ್ನು ಗ್ರಹಿಸುವ ಶಕ್ತಿ. ರಾಗ ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ಆದ್ದರಿಂದ ಧ್ವನಿ ಏರಿಸುತ್ತಾರೆ. 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಧ್ವನಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಇನ್ನೂ ದೊಡ್ಡ ಪೆಟ್ಟಿಗೆ ಹುಡುಕಬೇಡಿ, ಕಿವಿ ವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ಕೆಲವೊಮ್ಮೆ ಸಿಗುವುದು ಗಟ್ಟಿಯಾದ ಗುಗ್ಗೆ ಮಾತ್ರ.