ಅಜ್ಜನ ಜಗಲಿ: ಕೆಂಚ ಹೇಳಿದ್ದು, ನನಗೆ ಕೇಳಿಸದ್ದು

ಮಕ್ಕಳೇ, ಈ ಸಲ ನಮ್ಮ ಸಾಗರದ ಕಡೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಶಾಲೆಗೆ ಮಳೆ ರಜೆ ಎಂಬ ಸುದ್ದಿ ಬಂದ ಕೂಡಲೇ ನಮ್ಮ ಮನೆಯಲ್ಲಿ ಇಬ್ಬರಿಗೆ ಖುಷಿ. ಒಬ್ಬಳು ಐದನೇ ಕ್ಲಾಸಿನ ನನ್ನ ಮೊಮ್ಮಗಳು ಪುಟ್ಟಿ. ಇನ್ನೊಬ್ಬ ಕೆಂಚ. ಕೆಂಚ ಅಂದರೆ ನಮ್ಮ ಮನೆಯ ಗಂಡು ಬೆಕ್ಕು. ಮೈ ಕೆಂಪು, ಹೊಟ್ಟೆ ಬಿಳಿ, ವಯಸ್ಸು ನಾಲ್ಕು. ಮಳೆಗಾಲದಲ್ಲಿ ಬಚ್ಚಲೊಲೆಯ ಪಕ್ಕದ ಬೆಚ್ಚನೆಯ ಕಟ್ಟೆಯೇ ಅವನ ಸಿಂಹಾಸನ.

ರಜೆ ಎಂದರೆ ಪುಟ್ಟಿಗೆ ಮಾತು. ಬೆಳಗಿನಿಂದ ಪ್ರಶ್ನೆ ಮೇಲೆ ಪ್ರಶ್ನೆ. ನನಗೆ ಪೇಪರ್ ಓದಬೇಕು. ಮೂವತ್ತಮೂರು ವರ್ಷ ಮೇಷ್ಟ್ರಾಗಿದ್ದವನಿಗೆ ಮಕ್ಕಳನ್ನು ಸುಮ್ಮನೆ ಕೂರಿಸುವ ಉಪಾಯ ಗೊತ್ತಿರುತ್ತದಲ್ಲ! ಒಂದು ಹಳೇ ನೋಟುಬುಕ್ ಕೊಟ್ಟು, ನಡುವೆ ಗೆರೆ ಎಳೆದೆ. “ಎಡಗಡೆ ಕೆಂಚ ಮಾಡಿದ್ದು ಬರಿ. ಬಲಗಡೆ ಅದರ ಅರ್ಥ ಬರಿ. ಸಂಜೆ ತಿದ್ದಿಕೊಡ್ತೇನೆ” ಎಂದೆ. ಅರ್ಧ ಗಂಟೆ ನೆಮ್ಮದಿಯಾಗಿ ಪೇಪರ್ ಓದಬಹುದು ಎಂಬುದಷ್ಟೇ ನನ್ನ ಲೆಕ್ಕ. ಆ ನೋಟುಬುಕ್ಕು ಒಂದು ಜೀವ ಉಳಿಸುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮೊದಲ ದಿನದ ಸಾಲು ಹೀಗಿತ್ತು: “ಕೆಂಚ ಬಾಲ ಮೇಲೆತ್ತಿಕೊಂಡು ಬಂದ. ಅರ್ಥ: ನಮಸ್ಕಾರ.” ನಾನು ನಕ್ಕೆ. ಆದರೆ ಅವಳು ಬರೆದದ್ದು ಸರಿಯೇ. ಬಾಲವನ್ನು ಬಾವುಟದ ಕೋಲಿನ ಹಾಗೆ ನೆಟ್ಟಗೆ ಎತ್ತಿ ಬಂದರೆ ಅದು ಸ್ನೇಹದ ಗುರುತು. ಬಾಲ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಉಬ್ಬಿದರೆ ಹೆದರಿಕೆ. ಅತ್ತಿಂದಿತ್ತ ಪಟಪಟ ಬಡಿದರೆ ಸಿಟ್ಟು. ನಾಯಿ ಬಾಲ ಆಡಿಸಿದರೆ ಸಾಮಾನ್ಯವಾಗಿ ಖುಷಿ ಅಂದುಕೊಳ್ಳುತ್ತೇವೆ. ಬೆಕ್ಕಿನ ಹತ್ತಿರ ಆ ಲೆಕ್ಕ ಇಟ್ಟುಕೊಂಡು ಕೈ ಚಾಚಿದರೆ ಪರಚಿಸಿಕೊಳ್ಳಬೇಕಾಗುತ್ತದೆ.

ಎರಡನೇ ಸಾಲು: “ಅಜ್ಜನ ಕಾಲಿಗೆ ಕೆನ್ನೆ ಉಜ್ಜಿದ. ಅರ್ಥ: ತಿಂಡಿ ಕೊಡು.” ಇಲ್ಲಿ ಸ್ವಲ್ಪ ತಿದ್ದಿದೆ. ಬೆಕ್ಕಿನ ಕೆನ್ನೆ, ಗಲ್ಲ, ಬಾಲದ ಬುಡದಲ್ಲೆಲ್ಲ ವಾಸನೆಯ ಗ್ರಂಥಿಗಳಿವೆ. ಆ ವಾಸನೆ ನಮಗೆ ಗೊತ್ತಾಗುವುದಿಲ್ಲ, ಬೆಕ್ಕುಗಳಿಗೆ ಗೊತ್ತಾಗುತ್ತದೆ. ಬಾಗಿಲಿಗೆ, ಕುರ್ಚಿಗೆ, ನಮ್ಮ ಕಾಲಿಗೆ ಉಜ್ಜಿ, “ಇದು ನನ್ನದು, ಇವರು ನಮ್ಮವರು” ಎಂದು ಸಹಿ ಹಾಕುತ್ತದೆ. ಮನೆಯ ಪಟ್ಟಾ ನನ್ನ ಹೆಸರಲ್ಲಿದೆ ಎಂದು ನಾನು ತಿಳಿದಿದ್ದೆ. ಕೆಂಚನ ದಾಖಲೆಯಲ್ಲಿ ಅದು ಅವನ ಹೆಸರಲ್ಲಿದೆ.

ಮೂರನೆಯದು ನಮ್ಮಾಕೆಯ ಬಗ್ಗೆ: “ಅಜ್ಜಿ ತೊಡೆ ಮೇಲೆ ಚಪಾತಿ ಹಿಟ್ಟು ನಾದಿದ.” ಮರಿಯಾಗಿದ್ದಾಗ ತಾಯಿಯ ಹಾಲು ಇಳಿಯಲೆಂದು ಮುಂಗಾಲುಗಳಿಂದ ಒತ್ತಿ ಒತ್ತಿ ಕುಡಿಯುತ್ತದಲ್ಲ, ಅದೇ ಅಭ್ಯಾಸ ದೊಡ್ಡದಾದ ಮೇಲೂ ಉಳಿಯುತ್ತದೆ. ನೆಮ್ಮದಿ ಸಿಕ್ಕಿದ ಕಡೆ ಹಾಗೆ ಮಾಡುತ್ತದೆ. ಉಗುರು ಚುಚ್ಚಿದರೂ ಅದು ಬೇಕೆಂದು ಮಾಡಿದ್ದಲ್ಲ. ತೊಡೆಯ ಮೇಲೆ ದಪ್ಪ ಟವಲ್ ಹಾಕಿಕೊಂಡರೆ ಸಾಕು.

ಮರುದಿನವೂ ರಜೆ. ಪುಟ್ಟಿ ಒಂದು ಪ್ರಯೋಗವನ್ನೇ ಮಾಡಿದಳು. ಕೆಂಚ ಆ ಕಡೆ ಮುಖ ಮಾಡಿ ಮಲಗಿದ್ದಾಗ ಬಾಗಿಲ ಮರೆಯಲ್ಲಿ ನಿಂತು ಒಂದೇ ದನಿಯಲ್ಲಿ ಕರೆದಳು: “ಕಂಚು… ಕೊಂಚ… ಕೆಂಪು… ಕೆಂಚ.” ಮೊದಲ ಮೂರಕ್ಕೆ ಅವನು ಮಿಸುಕಲಿಲ್ಲ. ನಾಲ್ಕನೆಯದಕ್ಕೆ ಒಂದು ಕಿವಿ ಹಿಂದಕ್ಕೆ ತಿರುಗಿತು. ಎದ್ದು ಬರಲಿಲ್ಲ ಅನ್ನುವುದು ಬೇರೆ ಮಾತು! ಜಪಾನಿನ ವಿಜ್ಞಾನಿಗಳೂ ಹೆಚ್ಚುಕಡಿಮೆ ಹೀಗೇ ಪರೀಕ್ಷೆ ಮಾಡಿ, ಬೆಕ್ಕಿಗೆ ತನ್ನ ಹೆಸರು ಬೇರೆ ಶಬ್ದಗಳಿಗಿಂತ ಬೇರೆಯಾಗಿ ಗೊತ್ತಾಗುತ್ತದೆ ಎಂದು 2019ರಲ್ಲಿ ಪ್ರಕಟಿಸಿದ್ದಾರೆ. ಕರೆದಾಗ ಬಾರದ ಬೆಕ್ಕಿಗೆ ಕಿವಿ ಕೇಳದು ಎನ್ನಬೇಡಿ. ಕೇಳಿರುತ್ತದೆ, ಬರಲು ಮನಸ್ಸಿಲ್ಲ, ಅಷ್ಟೇ.

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇ” ಎಂಬ ಗಾದೆ ನೀವು ಕೇಳಿದ್ದೀರಿ. ಆದರೆ ಬೆಕ್ಕು ನಮ್ಮ ಕಡೆ ನೋಡುತ್ತ ಮೆಲ್ಲಗೆ ಕಣ್ಣು ಮುಚ್ಚಿ, ಮೆಲ್ಲಗೆ ತೆರೆದರೆ ಅದರಲ್ಲಿ ಕಳ್ಳತನ ಇಲ್ಲ. ನಿನ್ನ ಹತ್ತಿರ ನನಗೆ ಭಯವಿಲ್ಲ ಎಂಬ ಅರ್ಥ ಇದೆ. ಇಂಗ್ಲೆಂಡಿನ ವಿಜ್ಞಾನಿಗಳು 2020ರಲ್ಲಿ ತೋರಿಸಿದ ಹಾಗೆ, ನಾವೂ ಮೆಲ್ಲಗೆ ಕಣ್ಣು ಮಿಟುಕಿಸಿದರೆ ಬೆಕ್ಕು ತಿರುಗಿ ಮಿಟುಕಿಸುವುದು ಹೆಚ್ಚು. ಇದನ್ನು ಓದಿ ಹೇಳಿದ ಮೇಲೆ ಪುಟ್ಟಿಯೂ ಕೆಂಚನೂ ಎದುರುಬದುರು ಕೂತು ಕಣ್ಣು ಮಿಟುಕಿಸುವ ಆಟ ಶುರುವಾಯಿತು.

ಹೀಗೆ ನಾಲ್ಕು ದಿನದಲ್ಲಿ ಎಂಟು ಪುಟ ತುಂಬಿತು. ಐದನೇ ದಿನ ಬೆಳಿಗ್ಗೆ ನನಗೆ ಸಿಟ್ಟು ಬಂತು.

ಮಳೆಯಲ್ಲಿ ಹೊರಗೆ ಹೋಗಲಾಗದು ಎಂದು ಕೆಂಚನಿಗೆ ಹಿತ್ತಲ ಬಾಗಿಲ ಬಳಿ ಮರಳು ತುಂಬಿದ ಟ್ರೇ ಇಟ್ಟಿದ್ದೆವು. ಆ ದಿನ ಅವನು ಟ್ರೇಗೆ ಹೋಗುವುದು, ಕೂರುವುದು, ಮರಳು ಕೆರೆದು ಬರುವುದು, ಮತ್ತೆ ಹೋಗುವುದು. ಕೊನೆಗೆ ಬಚ್ಚಲ ಮೂಲೆಯ ಒಣ ಬಟ್ಟೆಯ ಮೇಲೇ ಹೋಗಿ ಕೂತ. “ಟ್ರೇ ಇಟ್ಟರೂ ನಿನಗೆ ಬಟ್ಟೆಯೇ ಬೇಕೇನೋ!” ಎಂದು ಗದರಿಸಿ, ಎತ್ತಿ ಜಗಲಿಗೆ ಹಾಕಿ ಬಾಗಿಲು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಪಾಪ ಅನ್ನಿಸಿ ಒಳಗೆ ತಂದು ತೊಡೆಯ ಮೇಲೆ ಕೂರಿಸಿಕೊಂಡೆ. ಗುರ್ ಗುರ್ ಎಂದ. “ನೋಡು, ಬೈದದ್ದನ್ನು ಮರೆತ. ಖುಷಿಯಾಗಿದ್ದಾನೆ” ಎಂದೆ.

ಪುಟ್ಟಿ ನೋಟುಬುಕ್ ತಂದಳು. “ಇಲ್ಲ ಅಜ್ಜ. ನಿನ್ನೆ ಸಂಜೆಯಿಂದ ಬಾಲ ಎತ್ತಿಲ್ಲ. ಬೆಳಿಗ್ಗೆ ತಿಂಡಿ ಮೂಸಿ ಬಿಟ್ಟ. ಟ್ರೇಗೆ ಆರು ಸಲ ಹೋಗಿದ್ದಾನೆ, ನಾನು ಗೀಟು ಹಾಕಿದ್ದೇನೆ. ಆರು ಸಲವೂ ಮರಳು ಒದ್ದೆ ಆಗಿಲ್ಲ.”

ನಾನು ಬಟ್ಟೆ ಮುಟ್ಟಿ ನೋಡಿದೆ. ಅದೂ ಒದ್ದೆಯಾಗಿರಲಿಲ್ಲ. ಗದರಿಸುವ ಮುಂಚೆ ನಾನು ಅದನ್ನೂ ನೋಡಿರಲಿಲ್ಲ.

ಆಗಲೂ ನನಗೆ ಪೂರ್ತಿ ಬುದ್ಧಿ ಬರಲಿಲ್ಲ. ಜ್ವರವೋ ಹೊಟ್ಟೆನೋವೋ ಇರಬೇಕು ಎಂದು ನನ್ನ ಡಬ್ಬಿಯಿಂದ ಪ್ಯಾರಸಿಟಮಾಲ್ ತೆಗೆದು ಅರ್ಧ ಮುರಿದೆ. ನಮ್ಮಾಕೆ ತಡೆದಳು. “ಮಾತಾಡಲು ಬಾರದ ಜೀವಕ್ಕೆ ನಿಮ್ಮ ಮಾತ್ರೆ ಬೇಡ. ಡಾಕ್ಟರಿಗೆ ತೋರಿಸಿ” ಎಂದಳು. ತರಕಾರಿ ಬುಟ್ಟಿಗೆ ಹಳೇ ಟವಲ್ ಹಾಸಿ, ಮೇಲೊಂದು ಹೊದಿಸಿ, ಆಟೋ ಹತ್ತಿ ಪಶು ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಕೆಂಚನ ಹೊಟ್ಟೆ ಮುಟ್ಟಿದ ಕೂಡಲೇ ಅವನು ಕೂಗಿದ. ನಾಲ್ಕು ವರ್ಷದಲ್ಲಿ ಆ ದನಿ ನಾವು ಕೇಳಿರಲಿಲ್ಲ. “ಮೂತ್ರದ ದಾರಿ ಕಟ್ಟಿಕೊಂಡಿದೆ. ಚೀಲ ಕಲ್ಲಿನ ಹಾಗೆ ಗಟ್ಟಿಯಾಗಿದೆ. ನಾಳೆ ತಂದಿದ್ದರೆ ಕಷ್ಟವಿತ್ತು” ಎಂದರು. ಗಂಡು ಬೆಕ್ಕುಗಳಲ್ಲಿ ಆ ದಾರಿ ಬಹಳ ಕಿರಿದು. ಮರಳಿನ ಕಣದಂಥ ಹರಳುಗಳು ಸೇರಿ ಮುಚ್ಚಿದರೆ ಮೂತ್ರ ಹೊರಗೆ ಹೋಗದೆ, ವಿಷ ರಕ್ತಕ್ಕೆ ಸೇರಿ, ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಅರಿವಳಿಕೆ ಕೊಟ್ಟು, ತೆಳ್ಳಗಿನ ಕೊಳವೆ ತೂರಿಸಿ ದಾರಿ ಬಿಡಿಸಿದರು. ಡ್ರಿಪ್ ಹಾಕಿದರು.

ಪುಟ್ಟಿ ಮೆಲ್ಲಗೆ ಕೇಳಿದಳು, “ನೋವಿದ್ದರೂ ಯಾಕೆ ಗುರ್ ಗುರ್ ಎಂದ?” ಡಾಕ್ಟರಮ್ಮ ಹೇಳಿದರು, “ಖುಷಿಯಲ್ಲಿ ಮಾತ್ರ ಅಲ್ಲ ಪುಟ್ಟಾ, ನೋವಾದಾಗ, ಹೆದರಿದಾಗಲೂ ಬೆಕ್ಕು ಹಾಗೆ ಸದ್ದು ಮಾಡುತ್ತೆ. ಸದ್ದು ಒಂದನ್ನೇ ನೋಡಬಾರದು. ಊಟ, ನಿದ್ದೆ, ಬಾಲ, ಟ್ರೇ ಎಲ್ಲ ಸೇರಿಸಿ ನೋಡಬೇಕು.” ಆಮೇಲೆ ನೋಟುಬುಕ್ ತಿರುವಿ, ಆ ಆರು ಗೀಟುಗಳ ಮೇಲೆ ಬೆರಳಿಟ್ಟು, “ಇದನ್ನು ಬರೆದವರು ಯಾರು?” ಎಂದರು. ನಾನು ಕೈಯಲ್ಲೇ ಉಳಿದಿದ್ದ ಅರ್ಧ ಮಾತ್ರೆಯನ್ನು ತೋರಿಸಿ ನಿಜ ಹೇಳಿದೆ. ಅವರ ಮುಖ ಗಂಭೀರವಾಯಿತು. “ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅಷ್ಟೇ ಸಾಕಿತ್ತು ಕೊಲ್ಲೋದಕ್ಕೆ” ಎಂದರು. ಆಟೋದಲ್ಲಿ ಮನೆಗೆ ಬರುವಾಗ ನಾನು ಮಾತಾಡಲಿಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆ ಗೊತ್ತಲ್ಲ? ಹಾಲು ಕಂಡರೆ ಓಡಿಹೋಗುವ ಬೆಕ್ಕನ್ನು ಕಂಡು ಆಸ್ಥಾನವೇ ಬೆರಗಾಯಿತು. ಕಾರಣ ಏನು? ಅದಕ್ಕೆ ಮೊದಲ ದಿನವೇ ಕುದಿಯುವ ಹಾಲಿಟ್ಟು ಬಾಯಿ ಸುಟ್ಟಿತ್ತು. ಶಾಲೆಯಲ್ಲಿ ಈ ಕತೆ ಎಷ್ಟು ಸಲ ಹೇಳಿ ನಗಿಸಿದ್ದೇನೋ. ಬೆಕ್ಕು ವಿಚಿತ್ರವಾಗಿ ನಡೆದುಕೊಂಡರೆ ಅದಕ್ಕೊಂದು ಕಾರಣ ಇರುತ್ತದೆ ಎಂಬ ಪಾಠ ಅದರಲ್ಲೇ ಇತ್ತು. ಹೇಳಿದ ಮೇಷ್ಟ್ರಿಗೇ ಅದು ಕಾಣಿಸಿರಲಿಲ್ಲ.

ಬೆಕ್ಕು ನೋವನ್ನು ಬಚ್ಚಿಡುತ್ತದೆ. ಅದರ ಪೂರ್ವಜ ಒಂಟಿಯಾಗಿ ಬೇಟೆಯಾಡುತ್ತಿದ್ದ ಕಾಡುಬೆಕ್ಕು. ಇಲಿ ಹಿಡಿಯುವ ಅದನ್ನು ಹಿಡಿಯಲು ದೊಡ್ಡ ಪ್ರಾಣಿಗಳಿದ್ದವು. ನನಗೆ ಕೈಲಾಗದು ಎಂದು ತೋರಿಸಿಕೊಂಡರೆ ಅಪಾಯ. ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ಮೇಲೂ ಆ ಗುಣ ಬಿಟ್ಟಿಲ್ಲ. ಅದಕ್ಕೇ ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ಅದರ ದಿನಚರಿ ತಿಳಿದುಕೊಳ್ಳಿ. ಊಟ ಬಿಟ್ಟಿತೇ, ಸದಾ ಮೈ ನೆಕ್ಕಿಕೊಳ್ಳುತ್ತಿದ್ದದ್ದು ನಿಲ್ಲಿಸಿತೇ, ಮಂಚದ ಕೆಳಗೆ ಅಡಗಿ ಕೂತಿತೇ, ಹಾರುತ್ತಿದ್ದ ಕಿಟಕಿಗೆ ಹಾರದಾಯಿತೇ, ಬೇಡದ ಕಡೆ ಗಲೀಜು ಮಾಡಿತೇ? ಬೈಯುವ ಮುಂಚೆ ಯಾಕೆ ಎಂದು ಕೇಳಿಕೊಳ್ಳಿ. ಗಂಡು ಬೆಕ್ಕು ಮುಕ್ಕುತ್ತಾ ಕೂತು ಮೂತ್ರ ಬಾರದಿದ್ದರೆ ಸಂಜೆಯವರೆಗೆ ಕಾಯಬೇಡಿ.

ನನ್ನ ವಯಸ್ಸಿನವರಿಗೆ ಎರಡು ಮಾತು. ನಮ್ಮ ಮಾತ್ರೆ ನಮಗೇ ಇರಲಿ. ಬೆಕ್ಕಿಗೆ ಬಟ್ಟಲು ತುಂಬ ಹಾಲು ಕೊಡುವ ಪದ್ಧತಿಯೂ ಬೇಡ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ. ಬೇಕಾದದ್ದು ನೀರು. ಒಣ ಪ್ಯಾಕೆಟ್ ತಿಂಡಿ ತಿಂದು ನೀರು ಕಡಿಮೆ ಕುಡಿದರೆ ಕೆಂಚನಂಥ ತೊಂದರೆಗೆ ದಾರಿ. ಈಗ ನಮ್ಮ ಮನೆಯ ಮೂರು ಕಡೆ ನೀರಿನ ಬಟ್ಟಲಿವೆ. ನಮ್ಮಾಕೆ ಮೊದಮೊದಲು ಒಪ್ಪಲಿಲ್ಲ. “ಬೆಕ್ಕಿಗೆ ಹಾಲು ಬೇಡ ಅನ್ನುವ ಕಾಲವೂ ಬಂತಲ್ಲ!” ಎಂದು ಒಂದು ವಾರ ಗೊಣಗಿದಳು.

ಮಕ್ಕಳಿಗೂ ಎರಡು ಮಾತು. ಬೆಕ್ಕು ಅಂಗಾತ ಮಲಗಿ ಹೊಟ್ಟೆ ತೋರಿಸಿದರೆ ನಿಮ್ಮನ್ನು ನಂಬಿದೆ ಎಂದರ್ಥ, ಹೊಟ್ಟೆ ಉಜ್ಜು ಎಂದಲ್ಲ. ಕಿವಿ ಹಿಂದಕ್ಕೆ ಮಡಚಿ ಬುಸ್ ಎಂದರೆ ದೂರ ಸರಿಯಿರಿ. ಯಾವುದೇ ಬೆಕ್ಕು ಕಚ್ಚಿದರೆ, ಪರಚಿ ಗಾಯವಾದರೆ, ಅದು ಮನೆಯದೇ ಆದರೂ ಮುಚ್ಚಿಡಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ದೊಡ್ಡವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ.

ಕೆಂಚ ಮೂರನೇ ದಿನ ಮನೆಗೆ ಬಂದ. ಮುಂಗಾಲಿನಲ್ಲಿ ಸೂಜಿ ಹಾಕಿದ ಕಡೆ ರೋಮ ಬೋಳಿಸಿದ್ದರು. ಬುಟ್ಟಿಯಿಂದ ಇಳಿದವನೇ ಬಚ್ಚಲೊಲೆಯ ಕಟ್ಟೆ ಹತ್ತಿದ. ನಾನು ಹತ್ತಿರ ಹೋಗಿ ಕೂತು ಮೆಲ್ಲಗೆ ಕಣ್ಣು ಮಿಟುಕಿಸಿದೆ. ಅವನು ನನ್ನನ್ನು ನೋಡಿ, ಆ ಕಡೆ ತಿರುಗಿ ಮಲಗಿದ. ಜಗಲಿಗೆ ಹಾಕಿ ಬಾಗಿಲು ಮುಚ್ಚಿದ್ದು ನೆನಪಿತ್ತೋ ಏನೋ. ನಾಲ್ಕು ದಿನ ಬಿಟ್ಟು, ಸಂಜೆ ಪೇಪರ್ ಓದುತ್ತಿದ್ದಾಗ ಬಾಲ ನೆಟ್ಟಗೆ ಎತ್ತಿಕೊಂಡು ಬಂದು ನನ್ನ ಕಾಲಿಗೆ ಕೆನ್ನೆ ಉಜ್ಜಿದ. ಪುಟ್ಟಿ ಅದನ್ನು ಬರೆದುಕೊಂಡಳು. ಅರ್ಥದ ಕಡೆ “ಅಜ್ಜ ಪಾಸ್” ಎಂದಿತ್ತು.

ಶಾಲೆ ಶುರುವಾಗಿದೆ. ನೋಟುಬುಕ್ಕು ಮುಗಿದಿರಬಹುದು ಎಂದುಕೊಂಡಿದ್ದೆ. ಮೊನ್ನೆ ಅದು ಜಗಲಿಯ ಮೇಲೆ ಬಿದ್ದಿತ್ತು. ತೆಗೆದು ನೋಡಿದರೆ ಹೊಸ ಪುಟ, ಮೇಲೆ ಹೊಸ ಹೆಸರು: “ಅಜ್ಜ”. ಎಡಗಡೆ ಹೀಗೆ ಬರೆದಿತ್ತು: “ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನೆ. ಮೊದಲು ಹಿಡಿಯುತ್ತಿರಲಿಲ್ಲ. ಕೇಳಿದರೆ ಏನಿಲ್ಲ ಅನ್ನುತ್ತಾನೆ.” ಬಲಗಡೆ ಅರ್ಥ ಬರೆದಿರಲಿಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

ಬರುವ ಸೋಮವಾರ ನನ್ನ ಮಂಡಿಯನ್ನು ಡಾಕ್ಟರಿಗೆ ತೋರಿಸುವುದೆಂದು ತೀರ್ಮಾನವಾಗಿದೆ. ತೀರ್ಮಾನ ನನ್ನದಲ್ಲ.

ನೀವೂ ಒಂದು ಹಳೇ ನೋಟುಬುಕ್ ಹುಡುಕಿ, ನಡುವೆ ಗೆರೆ ಎಳೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಅದರಿಂದ ಶುರು ಮಾಡಿ. ಇಲ್ಲದಿದ್ದರೆ ಅಜ್ಜ, ಅಜ್ಜಿ ಇದ್ದೇ ಇರುತ್ತಾರಲ್ಲ. ಮುಂದಿನ ವಾರ ಸಿಗೋಣ.