ಜಾಗವಿದ್ದರೂ ಡಿಸ್ಕ್ ಭರ್ತಿ!

ಬಿಲ್ಡ್ ಅರ್ಧಕ್ಕೇ ನಿಂತಿದೆ. ಡಿವೈಸ್‌ನಲ್ಲಿ ಜಾಗವಿಲ್ಲ ಎನ್ನುತ್ತಿದೆ ಲಿನಕ್ಸ್ ಸರ್ವರ್. ‘ಡಿಎಫ್ -ಎಚ್’ ಕೊಟ್ಟರೆ 40 ಜಿಬಿ ಖಾಲಿ! ಇಂಥ ಹೊತ್ತಿನಲ್ಲಿ ಗಾಬರಿಬಿದ್ದು ದೊಡ್ಡ ಲಾಗ್ ಫೈಲುಗಳನ್ನು ಅಳಿಸುವವರುಂಟು. ಎರಡು ಫೈಲು ಅಳಿಸಿದರೆ ಬಿಲ್ಡ್ ಓಡುವುದಿಲ್ಲ; ನಾಳೆ ತನಿಖೆಗೆ ಬೇಕಾದ ದಾಖಲೆಯೂ ಹೋಗುತ್ತದೆ.

ಇಲ್ಲಿ ಮುಗಿದಿರುವುದು ಬಹುಪಾಲು ಐನೋಡ್. ಪ್ರತಿ ಫೈಲಿಗೂ ಫೋಲ್ಡರಿಗೂ ಒಂದೊಂದು ಐನೋಡ್ ಬೇಕು. ಗ್ರಂಥಾಲಯದ ಕಪಾಟು ಖಾಲಿಯಿದ್ದರೂ ನೋಂದಣಿ ಪುಸ್ತಕ ತುಂಬಿದಂತೆ ಇದು. ಇಎಕ್ಸ್‌ಟಿ4 ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ, ಫಾರ್ಮ್ಯಾಟ್ ಮಾಡುವಾಗಲೇ ಐನೋಡ್‌ಗಳನ್ನು ಎಣಿಸಿಡುತ್ತದೆ: 100 ಜಿಬಿಗೆ ಸುಮಾರು 65 ಲಕ್ಷ. ಹಳೆಯ ಬಿಲ್ಡ್‌ಗಳ ‘ನೋಡ್ ಮಾಡ್ಯೂಲ್ಸ್’, ಕಂಪೈಲರ್ ಕ್ಯಾಶ್ ಎಲ್ಲವೂ ಪುಟ್ಟ ಫೈಲುಗಳ ರಾಶಿ. ಅವು ಜಾಗ ತಿನ್ನುವ ಮೊದಲೇ ಐನೋಡ್ ತಿಂದು ಮುಗಿಸುತ್ತವೆ.

ಆದ್ದರಿಂದ ಮೊದಲು ‘ಡಿಎಫ್ -ಐ’ ಕೊಡಿ. ಬಳಕೆ ಶೇ. 100 ಇದ್ದರೆ, ರಾಶಿ ಯಾವ ಫೋಲ್ಡರಿನಲ್ಲಿದೆ ಎಂಬುದನ್ನು ‘ಡಿಯು --ಐನೋಡ್ಸ್’ ಹೇಳುತ್ತದೆ. ಓಡುತ್ತಿರುವ ಬಿಲ್ಡ್‌ಗಳನ್ನು ನಿಲ್ಲಿಸಿ, ಮತ್ತೆ ತಯಾರಾಗಬಲ್ಲ ಕ್ಯಾಶ್ ಮಾತ್ರ ಅಳಿಸಿ. ಹೊಸ ಬಿಲ್ಡ್ ಸರ್ವರಾದರೆ ಎಕ್ಸ್‌ಎಫ್‌ಎಸ್ ಯೋಚಿಸಬಹುದು. ಅದು ಬೇಕಾದಾಗ ಐನೋಡ್ ಮಾಡಿಕೊಳ್ಳುತ್ತದೆ. ಮಾನಿಟರಿಂಗ್‌ನಲ್ಲಿ ಜಿಬಿ ಜೊತೆಗೆ ಐನೋಡ್‌ಗೂ ಒಂದು ಅಲರ್ಟ್ ಇರಲಿ.