ಬೇಯಿಸಬೇಕಾದ್ದು ಏನನ್ನು, ಯಾರನ್ನು?

ಇಂಗ್ಲಿಷಿನಲ್ಲಿ ‘ಸ್ವೀಡ್’ ಅಂದರೆ ಸ್ವೀಡನ್ ದೇಶದ ವ್ಯಕ್ತಿ. ಟರ್ನಿಪ್ಪಿನ ಸಂಬಂಧಿಯಾದ, ಹಳದಿ ತಿರುಳಿನ ಒಂದು ಗೆಡ್ಡೆಯೂ ‘ಸ್ವೀಡ್’. ಬರೆಯುವಾಗ ಮನುಷ್ಯರಿಗೆ ದೊಡ್ಡಕ್ಷರ, ಗೆಡ್ಡೆಗೆ ಚಿಕ್ಕಕ್ಷರ. ಇಂಥ ಪದ ಎದುರಾದ ಕೂಡಲೇ ಕೆಲವರು ಕೈಚೆಲ್ಲುತ್ತಾರೆ: ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ, ಈ ವ್ಯತ್ಯಾಸ ತೋರಿಸುವುದು ಹೇಗೆ?

ಇದು ಪೊಳ್ಳು ದೂರು. ದೊಡ್ಡಕ್ಷರ ಕಿವಿಗೆ ಕೇಳಿಸುವುದಿಲ್ಲ. ವಾಕ್ಯದ ಮೊದಲ ಪದವಾದರೆ ಕಣ್ಣಿಗೂ ಅದರಿಂದ ಉಪಯೋಗವಿಲ್ಲ. ‘ಸ್ವೀಡ್ಸ್ ಹ್ಯಾವ್ ಅರೈವ್ಡ್’ ಅಂದಾಗ ಬಂದಿಳಿದದ್ದು ಪ್ರವಾಸಿಗರೋ ತರಕಾರಿಯೋ ಹೇಳಲಾಗದು. ಕನ್ನಡದಲ್ಲಿ ಆ ಗೊಂದಲಕ್ಕೆ ಎಡೆಯೇ ಇಲ್ಲ. ಜನರು ‘ಬಂದರು’, ಗೆಡ್ಡೆಗಳು ‘ಬಂದವು’. ದೊಡ್ಡಕ್ಷರ ಮಾಡಲಾಗದ ಕೆಲಸವನ್ನು ನಮ್ಮ ಕ್ರಿಯಾಪದ ಸದ್ದಿಲ್ಲದೆ ಮಾಡುತ್ತದೆ.

ಹಾಗಿದ್ದೂ ಅಡುಗೆಯ ಅನುವಾದವೊಂದರಲ್ಲಿ ‘ಸ್ವೀಡನ್ನು ಸಿಪ್ಪೆ ತೆಗೆದು ಬೇಯಿಸಿ’ ಎಂದು ಬಂದರೆ, ಓದುವವರಿಗೆ ಕಾಣುವುದು ಒಲೆಯ ಮೇಲಿಟ್ಟ ಒಂದಿಡೀ ದೇಶ. ಇಲ್ಲಿ ಸೋತದ್ದು ಭಾಷೆಯಲ್ಲ, ಸದ್ದನ್ನಷ್ಟೇ ಲಿಪಿಗಿಳಿಸಿ ಎದ್ದುಹೋದ ಅನುವಾದಕರು.

‘ಜಗತ್ತೇ ಒಪ್ಪಿದ ಹೆಸರು, ಹಾಗೇ ಇರಲಿ’ ಎನ್ನುವುದು ಇನ್ನೊಂದು ವಾದ. ಜಗತ್ತು ಎಲ್ಲಿ ಒಪ್ಪಿದೆ? ಅಮೆರಿಕದವರಿಗೆ ಇದು ‘ರೂಟಬೇಗ’, ಸ್ಕಾಟ್ಲೆಂಡಿನವರಿಗೆ ‘ನೀಪ್ಸ್’. ಸ್ವೀಡನ್ನಿನವರೇ ಇದನ್ನು ‘ಕೋಲ್‌ರೂಟ್’, ಅಂದರೆ ಕೋಸುಬೇರು, ಎನ್ನುತ್ತಾರೆ. ಅದು ತಕ್ಕ ಹೆಸರೂ ಹೌದು, ಏಕೆಂದರೆ ಕೋಸು ಮತ್ತು ಟರ್ನಿಪ್ ಜಾತಿಗಳು ಬೆರೆತು ಹುಟ್ಟಿದ ಸಸ್ಯವಿದು. 18ನೇ ಶತಮಾನದ ಕೊನೆಯ ಹೊತ್ತಿಗೆ ಸ್ವೀಡನ್ನಿನಿಂದ ಬ್ರಿಟನ್ನಿಗೆ ಬಂದ ಇದನ್ನು ಇಂಗ್ಲಿಷರು ಮೊದಲು ಕರೆದದ್ದು ‘ಸ್ವೀಡಿಷ್ ಟರ್ನಿಪ್’ ಎಂದು. ಆಮೇಲೆ ಟರ್ನಿಪ್ ಉದುರಿತು, ದೇಶ ಉಳಿಯಿತು.

ಊರಿನ ಹೆಸರನ್ನು ತರಕಾರಿಗೆ ಅಂಟಿಸುವುದು ನಮ್ಮ ನೆರೆಯವರಿಗೂ ಗೊತ್ತು. ಮೆಕ್ಸಿಕೊ ಕಡೆಯಿಂದ ಬಂದ ನಮ್ಮ ಸೀಮೆಬದನೆ ಚೆನ್ನೈ ಸಂತೆಯಲ್ಲಿ ‘ಬೆಂಗಳೂರು ಕತ್ತರಿಕ್ಕಾಯ್’, ಹೈದರಾಬಾದಿನಲ್ಲಿ ‘ಬೆಂಗಳೂರು ವಂಕಾಯ’. ಆದರೆ ಅವರು ಕಾಯಿಯನ್ನು ಕೈಬಿಟ್ಟಿಲ್ಲ. ‘ಅರ್ಧ ಕಿಲೋ ಬೆಂಗಳೂರು ಕೊಡಿ’ ಎಂದರೆ ಅಂಗಡಿಯವರು ನಕ್ಕಾರು.

ಅದೇ ದಾರಿಯಲ್ಲಿ ‘ಸ್ವೀಡನ್ ಗೆಡ್ಡೆ’ ಎಂದು ಬರೆದರೆ ಕೆಲಸ ಮುಗಿಯಿತು. ದೇಶದವರು ‘ಸ್ವೀಡನ್ನಿನವರು’. ಪುಣೆಯಲ್ಲೋ ದೆಹಲಿಯಲ್ಲೋ ಬೆಳೆಯುವ ಮಗುವಿಗೆ ಹೆಚ್ಚಾಗಿ ಶಾಲೆಯಲ್ಲಿ ಕನ್ನಡವಿರುವುದಿಲ್ಲ. ಅದಕ್ಕೆ ಸಿಗುವುದು ಮನೆಯ ಮಾತು ಮತ್ತು ಇಂಥ ಬರಹ, ಅಷ್ಟೇ. ಅನುವಾದಕರ ಸೋಮಾರಿತನವನ್ನು ಆ ಮಗು ಕನ್ನಡದ ಬಡತನ ಎಂದೇ ತಿಳಿಯುತ್ತದೆ. ಆಮೇಲೆ ತಿದ್ದಲು ಯಾರೂ ಪಕ್ಕದಲ್ಲಿರುವುದಿಲ್ಲ.